ಕೆಂಪು ದಾರದ ತಟ್ಟೆ

ಪ್ರಾಜೆಕ್ಟ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕುಸುಮ ಮೇಡಂಗೆ ಸೊಂಟದಲ್ಲಿ ಛಳಕು ಹೊಡೆಯುತ್ತಿತ್ತು. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಲೇ ಆಕೆಯ ಅರ್ಧ ತಲೆ ನರೆತಿತ್ತು. ಹೊಸ ಪಠ್ಯಕ್ರಮ ಬಂದ ಮೇಲೆ ಉಳಿದರ್ಧಕ್ಕೂ ಕೇಡು ಬಂತು. ಕೊನೆಯ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳು ತಾವೇ ಒಂದು ಪ್ರಶ್ನೆ ಹುಡುಕಬೇಕಂತೆ, ತಾವೇ ಪ್ರಯೋಗ ಹೆಣೆಯಬೇಕಂತೆ, ಮಾಡಿ ನೋಡಿ ಉತ್ತರ ಹೇಳಬೇಕಂತೆ. ಹಾಗೆಂದು ಬರೆದ ಪುಣ್ಯಾತ್ಮರು ಒಮ್ಮೆ ಈ ಲ್ಯಾಬಿಗೆ ಬಂದು ಹೋಗಿದ್ದರೆ ಚೆನ್ನಾಗಿತ್ತು. ಇಲ್ಲಿ ನಲ್ಲಿಯಲ್ಲಿ ನೀರು ಬಂದ ದಿನ ಕರೆಂಟ್ ಇರುತ್ತಿರಲಿಲ್ಲ, ಕರೆಂಟ್ ಇದ್ದ ದಿನ ಬೀಗದ ಕೈ ಸಿಗುತ್ತಿರಲಿಲ್ಲ.

ಮಕ್ಕಳೇನು ದಡ್ಡರೇ? ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲ ಪ್ರಾಜೆಕ್ಟುಗಳೂ ಸಿದ್ಧವಾಗಿರುತ್ತಿದ್ದವು. ಹೆಸರು ಬದಲಾಯಿಸಿದರೆ ಮುಗಿಯಿತು. ಬೇವಿನೆಲೆಯ ರಸ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಎಂಬುದು ಅಲ್ಲಿನ ಹಳೇ ಸರಕು. ಪ್ರತಿ ವರ್ಷವೂ ಕೊಲ್ಲುತ್ತಿತ್ತು, ಪ್ರತಿ ವರ್ಷವೂ ಅಷ್ಟೇ ಮಿಲಿಮೀಟರು ಜಾಗದಲ್ಲಿ ಕೊಲ್ಲುತ್ತಿತ್ತು. ಒಂದು ಸಲ ವರದಿಯ ಕೊನೆಯಲ್ಲಿ ಯಾವುದೋ ಬೇರೆ ಜಿಲ್ಲೆಯ ಕಾಲೇಜಿನ ಪ್ರಿನ್ಸಿಪಾಲರಿಗೆ ವಂದನೆ ಹೇಳಿಬಿಟ್ಟಿದ್ದರು. ಕುಸುಮ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಮಾರ್ಕ್ಸ್ ಹಾಕಿದಳು. ಮೊದಮೊದಲು ಬೈಯುತ್ತಿದ್ದಳು. ಬರಬರುತ್ತಾ ಬೈಯುವುದಕ್ಕೂ ಸುಸ್ತಾಯಿತು.

ಅಂಥ ದಿನಗಳಲ್ಲಿ ದೀಪಶ್ರೀ ಬಂದು ಮೇಜಿನ ಮುಂದೆ ನಿಂತಳು. ಹನೂರು ದಾಟಿ ಅಜ್ಜೀಪುರದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಕ್ಲಾಸಿನಲ್ಲಿ ತೂಕಡಿಸುವುದಕ್ಕೆ ಹೆಸರಾದವಳು.

"ಮೇಡಂ, ನಾನು ರೇಷ್ಮೆ ಹುಳದ್ ಮೇಲೆ ಮಾಡ್ತೀನಿ."

"ಜೆರಾಕ್ಸ್ ಅಂಗಡೀಲಿ ಅದೂ ಸಿಗ್ತದಾ?" ಎಂದಳು ಕುಸುಮ, ತಲೆ ಎತ್ತದೆ.

ಹುಡುಗಿ ನಗಲಿಲ್ಲ. "ಇಲ್ಲ ಮೇಡಂ. ಪ್ರಶ್ನೆ ನಂದೇ. ನಮ್ಮನೇಲಿ ಹುಳಕ್ಕೆ ದಿನಕ್ಕೆ ನಾಲ್ಕೊತ್ತು ಸೊಪ್ಪು ಹಾಕ್ತೀವಿ. ಅಷ್ಟೇ ಸೊಪ್ಪನ್ನ ಎರಡೇ ಹೊತ್ತಿಗೆ ಹಾಕುದ್ರೆ ಗೂಡು ತೂಕ ಕಮ್ಮಿ ಆಯ್ತದಾ?"

ಕುಸುಮ ಪೆನ್ನು ಕೆಳಗಿಟ್ಟಳು. "ರೆಂಬೆ ಸಮೇತ ಹಾಕಿ, ಅದ್ಕೆ ಎರಡೊತ್ತು ಸಾಕು ಅಂತ ಇಲಾಖೆಯವರು ಹೇಳ್ತಾರಲ್ಲ?"

"ಅದ್ಕೆ ಹೊಸಾ ಶೆಡ್ ಬೇಕು ಮೇಡಂ. ನಮ್ದು ತಟ್ಟೇಲಿ ಎಲೆ ಕೊಯ್ದು ಹಾಕೋದು. ನಮ್ ಕಡೆ ಬಿಸ್ಲಿಗೆ ಎಲೆ ಬಾಡೋಯ್ತದೆ. ಬಾಡಿದ್ದ ತಿಂತವೋ ಬುಡ್ತವೋ ಯಾರೂ ನೋಡಿಲ್ಲ. ಅವ್ವನ್ನ ಕೇಳುದ್ರೆ ಹುಳ ಹಸಿದ್ರೆ ಮನೆಗಾಗಲ್ಲ ಅಂತಾಳೆ." ಆಮೇಲೆ, "ನಾನು ಮೈಸೂರಿಗೆ ಎಂಎಸ್ಸಿಗೆ ಹೋದ್ರೆ ಅವ್ವ ಒಬ್ಳೇ. ನಾಲ್ಕೊತ್ತು ಒಬ್ಳ ಕೈಲಾಗಲ್ಲ. ಎರಡೊತ್ತಾದ್ರೆ ಆಯ್ತದೆ," ಎಂದಳು.

ತನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯ ಬಾಯಲ್ಲಿ ಕುಸುಮ ಕೇಳಿ ಯಾವ ಕಾಲವಾಗಿತ್ತೋ. ಸಂತೋಷವೇ ಆಯಿತು. ಬೆನ್ನಿಗೇ, ಇನ್ನು ಇದರ ಹಿಂದೆ ಓಡಾಡಬೇಕಲ್ಲ ಎಂಬ ಬೇಸರವೂ ಬಂತು. ಸಂತೋಷವೊಂದೇ ಬರುವ ವಯಸ್ಸು ಆಕೆಗೆ ದಾಟಿತ್ತು.

ಪ್ರಿನ್ಸಿಪಾಲ್ ಶಾಂತಮೂರ್ತಿಗಳು ಕೇಳಿದ ಮೊದಲ ಮಾತು, "ಹುಳ ಸತ್ತರೆ ಯಾರು ಹೊಣೆ?" ಸಂಜೆ ಐದಕ್ಕೆ ಲ್ಯಾಬಿಗೆ ಬೀಗ, ರಾತ್ರಿಯ ಸೊಪ್ಪು ಹಾಕುವವರಿಲ್ಲ, ಸಾಲದ್ದಕ್ಕೆ ಸುಣ್ಣ ಬಳಿಯುವವರು ಬೇರೆ ಬರುವವರಿದ್ದರು. ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಆತ ನಿಸ್ಸೀಮ. ಬೇಡ ಎನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ಹುಡುಗಿಯ ಮುಖ ಬಾಡಿದ್ದನ್ನು ನೋಡಿ ಕುಸುಮ, "ನಮ್ಮ ಮನೆ ಹಿಂದಿನ ರೂಮು ಖಾಲಿ ಐತೆ, ಅಲ್ಲಿಡೋಣ," ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವಳು ತಾನೇ.

ಮನೆಯಲ್ಲಿದ್ದವರು ಆಕೆ ಮತ್ತು ಗಂಡ ದೇವರಾಜು. ಕರೆಂಟ್ ಆಫೀಸಿನಲ್ಲಿ ಕೆಲಸ, ತಮಾಷೆಯ ಮನುಷ್ಯ. ಆರು ಬಿದಿರ ತಟ್ಟೆ, ಅದರ ತುಂಬ ಮೂರನೇ ಜ್ವರ ಎದ್ದ ಹುಳ ಬಂದಿಳಿದಾಗ, "ಇಷ್ಟೊಂದ್ ಜನ ನೆಂಟರು ನಿಮ್ಮ ಕಡೆಯೋರೇ ಇರ್ಬೇಕು," ಎಂದ. ಹುಳ ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು ತಲೆಯೆತ್ತಿ ಕೂರುತ್ತದಲ್ಲ, ಅದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳದ ಹಸಿವು ನೋಡಬೇಕು. ದೀಪಶ್ರೀಯ ಪ್ರಯೋಗ ಶುರುವಾಗುವುದು ಅಲ್ಲಿಂದ.

ಹುಡುಗಿ ಮೂರು ತಟ್ಟೆಗೆ ಬಿಳಿ ದಾರ ಕಟ್ಟಿದಳು, ಅವಕ್ಕೆ ನಾಲ್ಕು ಹೊತ್ತು. ಮೂರಕ್ಕೆ ಕೆಂಪು ದಾರ, ಅವಕ್ಕೆ ಬೆಳಿಗ್ಗೆ ಮತ್ತು ಸಂಜೆ, ಎರಡೇ ಹೊತ್ತು. ಒಟ್ಟು ಸೊಪ್ಪಿನ ತೂಕ ಎಲ್ಲಕ್ಕೂ ಒಂದೇ. ಒದ್ದೆ ಗೋಣಿಚೀಲದಲ್ಲಿ ಸೊಪ್ಪು ಹೊತ್ತು ಮೊದಲ ಬಸ್ಸಿಗೆ ಬರುತ್ತಿದ್ದಳು, ತೂಗಿ ಹಾಕುತ್ತಿದ್ದಳು, ಮಧ್ಯಾಹ್ನ ಕಾಲೇಜಿನಿಂದ ಓಡಿ ಬರುತ್ತಿದ್ದಳು, ಸಂಜೆ ಹಾಕಿ ಬಸ್ಸು ಹಿಡಿಯುತ್ತಿದ್ದಳು. ಬಿಳಿ ದಾರದವಕ್ಕೆ ರಾತ್ರಿಯ ಕೊನೆಯ ಹೊತ್ತು ಹಾಕುವುದು ಮಾತ್ರ ಮೇಡಂ ಪಾಲಿಗೆ. ತೂಗಿ ಉಳಿದ ಸೊಪ್ಪು ಚೀಲದಲ್ಲಿ ಮೂಲೆಗೆ ಬಿದ್ದಿರುತ್ತಿತ್ತು, ಬೆಳಿಗ್ಗೆ ಪಕ್ಕದ ಮನೆಯ ಹಸುವಿಗೆ ಹೋಗುತ್ತಿತ್ತು.

ತಪ್ಪು ಶುರುವಾಗಿದ್ದು ಊಟದ ತಟ್ಟೆಯ ಮುಂದೆ.

ಕುಸುಮ ಯಳಂದೂರಿನ ಪಕ್ಕದ ಹಳ್ಳಿಯವಳು, ಹುಳದ ಮನೆಯಲ್ಲೇ ಬೆಳೆದವಳು. ಆಕೆಯ ಅವ್ವ ಶಿವನಂಜಮ್ಮನದು ಒಂದೇ ಕಟ್ಟುನಿಟ್ಟು: ಹುಳ ಉಣ್ಣದೆ ಮನೆಯಲ್ಲಿ ಯಾರೂ ಉಣ್ಣಬಾರದು. ಮಕ್ಕಳು ಹಸಿದು ಅತ್ತರೂ ಸರಿಯೇ, ಮೊದಲು ಸೊಪ್ಪು ತಟ್ಟೆಗೆ ಬೀಳಬೇಕು, ಆಮೇಲೆ ಮುದ್ದೆ. ಒಮ್ಮೆ ಕುಸುಮ ಕದ್ದು ಒಂದು ತುತ್ತು ಬಾಯಿಗಿಟ್ಟುಕೊಂಡಿದ್ದಕ್ಕೆ ಅವ್ವ ಹೊಡೆಯಲಿಲ್ಲ, ಬೈಯಲಿಲ್ಲ, ಇಡೀ ದಿನ ತಾನೂ ಉಣ್ಣದೆ ಕೂತಳು. ಅವ್ವ ಹೋಗಿ ಎಷ್ಟೋ ವರ್ಷವಾಗಿತ್ತು. ಆದರೆ ಅಂಥ ಪಾಠ ಎಂಎಸ್ಸಿಯಿಂದ ಅಳಿಸಿಹೋಗುವಂಥದ್ದಲ್ಲ.

ಮೊದಲ ರಾತ್ರಿ ಬಿಳಿ ದಾರದ ತಟ್ಟೆಗಳಿಗೆ ಸೊಪ್ಪು ಹಾಕಿ ಬಂದು ಊಟಕ್ಕೆ ಕೂತಳು. ಹಿಂದಿನ ರೂಮಿನಿಂದ ಹುಳ ಮೇಯುವ ಸದ್ದು ಬರುತ್ತಿತ್ತು, ಸಣ್ಣಗೆ ಸೋನೆ ಹಿಡಿದಂತೆ. ಆ ಸದ್ದು ಅರ್ಧ ರೂಮಿನದು ಮಾತ್ರ ಎಂದು ಆಕೆಗೆ ಗೊತ್ತಿತ್ತು. ಎದ್ದು ಹೋಗಿ ನೋಡಿದಳು. ಕೆಂಪು ದಾರದ ತಟ್ಟೆಗಳಲ್ಲಿ ಸಂಜೆಯ ಸೊಪ್ಪು ಒಣಗಿ ಸುರುಟಿಕೊಂಡಿತ್ತು. ಹುಳಗಳು ಅದರ ಮೇಲೆ ಹತ್ತಿ ತಲೆಯೆತ್ತಿ ಆಚೀಚೆ ಆಡಿಸುತ್ತಿದ್ದವು. ಇದೇ ಪ್ರಯೋಗ, ಇದನ್ನು ನೋಡುವುದಕ್ಕೇ ಇಟ್ಟಿರುವುದು ಎಂದುಕೊಂಡು ವಾಪಸ್ಸು ಬಂದಳು. ಕಲಸಿದ ಅನ್ನ ತಟ್ಟೆಯಲ್ಲೇ ಉಳಿಯಿತು. ಮತ್ತೆ ಎದ್ದಳು. ಚೀಲದಲ್ಲಿ ಉಳಿದಿದ್ದ ಸೊಪ್ಪಿನಿಂದ ಒಂದು ಹಿಡಿ, ಮೂರು ತಟ್ಟೆಗೂ ಸೇರಿ ಒಂದೇ ಒಂದು ಹಿಡಿ, ಉದುರಿಸಿ ಬಂದಳು. ಒಂದು ಹಿಡಿಯಿಂದ ಏನು ಮಹಾ ಆಗುತ್ತದೆ? ಊಟ ಸೇರಿತು.

ಬೆಳಿಗ್ಗೆ ದೀಪಶ್ರೀ ಬಂದವಳೇ ಕೇಳಿದಳು, "ಕೆಂಪು ದಾರದ್ದಕ್ಕೆ ಏನೂ ಹಾಕಿಲ್ವಲ್ಲ ಮೇಡಂ?"

"ಇಲ್ಲ ಕಣೇ," ಎಂದಳು ಕುಸುಮ.

ಸುಳ್ಳು ಹೇಳುವವರಿಗೂ ಒಂದು ತಯಾರಿ ಬೇಕಾಗುತ್ತದೆ. ಈಕೆಗೆ ಅದೂ ಬೇಕಾಗಲಿಲ್ಲ, ಬಾಯಿಂದ ತಾನಾಗಿ ಬಂತು. ಮಾರನೇ ದಿನವೂ ಒಂದು ಹಿಡಿ ಹಾಕಿದಳು. ಆಮೇಲೆ ಅದು ದಿನದ ಕೆಲಸದ ಹಾಗೆಯೇ ಆಯಿತು. ಹುಳ ಬಲಿಯುತ್ತ ಹೋದಂತೆ ಹಿಡಿಯೂ ದಪ್ಪವಾಗುತ್ತ ಹೋಯಿತು. ಪ್ರಯೋಗದ ಲೆಕ್ಕ ತಿದ್ದಿದ ಮಕ್ಕಳನ್ನು ಒಂದು ಕಾಲದಲ್ಲಿ ಕ್ಲಾಸಿನಿಂದ ಆಚೆಗೆ ಕಳಿಸುತ್ತಿದ್ದವಳು ಇವಳೇ.

ಹುಳ ಹಣ್ಣಾದವು, ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆ ಹತ್ತಿದವು, ಗೂಡು ಕಟ್ಟಿದವು. ತೂಗಿ ನೋಡಿದರೆ ಬಿಳಿ ದಾರದ್ದಕ್ಕೂ ಕೆಂಪು ದಾರದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ದೀಪಶ್ರೀ ಎರಡು ಸಲ ತೂಗಿದಳು, ಮೂರನೇ ಸಲವೂ ತೂಗಿದಳು. "ಎರಡೊತ್ತು ಸಾಕು ಮೇಡಂ," ಎಂದು ಹೇಳಿ ಅತ್ತಳು. ಹೇಳುವುದಾದರೆ ಅದೇ ಗಳಿಗೆ. ಕುಸುಮ ಹುಡುಗಿಯ ಬೆನ್ನು ಸವರಿದಳು. ಬಾಯಿ ಬಿಡಲಿಲ್ಲ.

ವೈವಾಗೆ ಯಳಂದೂರಿನಿಂದ ಪರೀಕ್ಷಕರಾಗಿ ಬಂದ ಶಿವಕುಮಾರಸ್ವಾಮಿಯವರು ಬೇವಿನೆಲೆಯ ಏಳು ಪ್ರಾಜೆಕ್ಟುಗಳನ್ನು ಅರೆಗಣ್ಣಿನಲ್ಲೇ ಮುಗಿಸಿದರು. ದೀಪಶ್ರೀಯ ಸರದಿ ಬಂದಾಗ ಕನ್ನಡಕ ಹಾಕಿಕೊಂಡರು. ಕೇಳಿದ್ದಕ್ಕೆಲ್ಲ ಹುಡುಗಿ ಕಂಡಿದ್ದನ್ನು ಕಂಡ ಹಾಗೆ ಹೇಳಿದಳು. "ಇದಪ್ಪಾ ಪ್ರಾಜೆಕ್ಟು," ಎಂದು ಅವರು ಕುಸುಮಳ ಕಡೆ ತಿರುಗಿ, "ಇಂಥದ್ದು ಒಂದಾದ್ರೂ ನೋಡಿ ರಿಟೈರ್ ಆಗ್ಬೇಕು ಅಂತಿದ್ದೆ ಮೇಡಂ," ಎಂದರು. ಬಿಸಿ ತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕುಸುಮ ಮಾರ್ಕ್ಸ್ ಪಟ್ಟಿಗೆ ಸಹಿ ಹಾಕಿದಳು.

ಕೆಲವು ದಿನ ಕಳೆದು ದೀಪಶ್ರೀ ಮೈಸೂರುಪಾಕಿನ ಡಬ್ಬ ಹಿಡಿದು ಸ್ಟಾಫ್ ರೂಮಿಗೆ ಬಂದಳು.

"ಅವ್ವ ಒಪ್ಕಂಡ್ಲು ಮೇಡಂ. ಮೊದ್ಲು ಕೇಳ್ನೇ ಇಲ್ಲ. ಮೇಡಂ ಮನೇಲಿ ಇಟ್ಟು, ಮೇಡಮ್ಮೇ ನೋಡವ್ರೆ ಅಂದ್ಮೇಲೆ ತಲೆ ಆಡಿಸುದ್ಲು. ಈಗ ಮನೇಲಿರೋ ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ಎದ್ದ ದಿವಸದಿಂದ ಎರಡೇ ಹೊತ್ತು. ಮುಂದಿನ ವಾರ ಮೈಸೂರಲ್ಲಿ ಅಡ್ಮಿಶನ್."

ಸುತ್ತ ಕೂತವರೆಲ್ಲ ಸಿಹಿ ತಿಂದು ಕೈ ಒರೆಸಿಕೊಂಡರು. ಕುಸುಮಳ ಕೈಯಲ್ಲಿದ್ದ ತುಂಡು ಹಾಗೇ ಕರಗಿತು. ಇಷ್ಟು ದಿನ ಅದೊಂದು ಕಾಗದದ ಮೇಲಿನ ಸುಳ್ಳಾಗಿತ್ತು. ಈಗ ಅದು ಒಂದು ಮನೆಯ ಇಡೀ ಬೆಳೆಯ ಮೇಲೆ ಹೋಗಿ ಕೂರುವುದರಲ್ಲಿತ್ತು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ದೇವರಾಜು ತಮಾಷೆ ಮಾಡಲಿಲ್ಲ. "ನೀನು ಹಾಕ್ದೆ ಇದ್ದಿದ್ರೂ ಗೂಡು ಅಷ್ಟೇ ತೂಗ್ತಿತ್ತೋ ಏನೋ. ಯಾರಿಗ್ ಗೊತ್ತು?" ಎಂದ.

"ಅದೇ. ಯಾರಿಗೂ ಗೊತ್ತಿಲ್ಲ. ಗೊತ್ತು ಅಂತ ನಾವು ಬರ್ಕೊಟ್ಟಿದೀವಿ."

"ಹೇಳುದ್ರೆ ಆ ಹುಡ್ಗಿ ಮೈಸೂರಿಗ್ ಹೋಗಲ್ಲ."

"ಹೇಳ್ದಿದ್ರೆ ಅವ್ರ ಹುಳ ಕೆಡ್ಬೋದು."

ಅವತ್ತೇ ಅಜ್ಜೀಪುರಕ್ಕೆ ಹೋಗಬೇಕಾಗಿದ್ದ ಕುಸುಮ ಹೋಗಲಿಲ್ಲ. ಮೌಲ್ಯಮಾಪನದ ಕೆಲಸ ಇದೆ ಎಂದು ನೆಪ ಹೇಳಿಕೊಂಡಳು, ಮಾರನೇ ದಿನ ತಲೆನೋವು ಎಂದಳು. ಭಾನುವಾರ ಬೆಳಿಗ್ಗೆ ನೆಪಗಳೆಲ್ಲ ಮುಗಿದವು, ಬಸ್ ಸ್ಟ್ಯಾಂಡಿಗೆ ನಡೆದಳು.

ಬಸ್ಸು ಬೆಟ್ಟದ ದೇವರಿಗೆ ಹೋಗುವ ಜನರಿಂದ ತುಂಬಿತ್ತು. ಕಾಮಗೆರೆವರೆಗೆ ನಿಂತೇ ಬಂದಳು. ಅಲ್ಲಿ ಆಸ್ಪತ್ರೆಗೆ ಬಂದವರು ಇಳಿದ ಮೇಲೆ ಕಿಟಕಿ ಪಕ್ಕ ಒಂದು ಜಾಗ ಸಿಕ್ಕಿತು. ಮೊಣಕಾಲು, ಸೊಂಟ, ಕಣ್ಣು, ಎಲ್ಲವೂ ಒಟ್ಟಿಗೆ ದಣಿದಿದ್ದವು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಹತ್ತು ಬಾರಿ ಜೋಡಿಸಿದಳು. ಹನೂರು ಬರುವ ಹೊತ್ತಿಗೆ ಅದೂ ಬೇಸರ ಬಂದು ಬಿಟ್ಟುಬಿಟ್ಟಳು. ಯಾರಾದರೂ ಬೇರೆಯವರು ಹೋಗಿ ಹೇಳಿ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಅಜ್ಜೀಪುರದಲ್ಲಿ ಇಳಿದು ಕೇಳಿಕೊಂಡು ಹೋದಾಗ ಮಧ್ಯಾಹ್ನವಾಗಿತ್ತು. ಮನೆಯ ಪಕ್ಕದಲ್ಲೇ ಹುಳದ ಮನೆ, ಬಾಗಿಲಲ್ಲಿ ಸುಣ್ಣದ ಪುಡಿ ಚೆಲ್ಲಿತ್ತು. ಅದರ ಬಾಗಿಲಿಗೆ ಬೆನ್ನು ಮಾಡಿಕೊಂಡು ದೀಪಶ್ರೀಯ ಅವ್ವ ಶಿವರತ್ನಮ್ಮ ಜಗಲಿಯ ಮೇಲೆ ಕೂತಿದ್ದಳು. ಸೊಪ್ಪು ಕೊಯ್ದು ಕೊಯ್ದು ಹೆಬ್ಬೆರಳು ಕಪ್ಪಾದ ಹೆಂಗಸು. ಮೇಡಂ ಬಂದರು ಎಂದು ಗೊತ್ತಾದದ್ದೇ ತಡ, ಎದ್ದು ಚಾಪೆ ಹಾಸಿ, ಮಗಳನ್ನು ಕೂಗಿ, ಮಜ್ಜಿಗೆ ತರಿಸಿದಳು.

"ನಿಮ್ಮಿಂದ ನನ್ ಮಗ ಮೈಸೂರ್ ಕಾಣ್ತದೆ ಕನವ್ವಾ," ಎಂದಳು. ಮಗಳನ್ನು ಮಗ ಎಂದು ಕರೆಯುವುದು ಅವಳ ಮುದ್ದು. "ಬೆಳಿಗ್ಗೆ ಜ್ವರ ಎದ್ವು. ಒಂದೊತ್ತು ಆಕಿವ್ನಿ. ಇನ್ನ ಹೊತ್ತು ಮುಳ್ಗೋ ಸಂದ್ಗೇ ಅಂದವ್ಳೆ ಇವ್ಳು. ನಂಗೆ ಒಳಕ್ಕೋಗಿ ನೋಡಕ್ಕಾಗ್ದೆ ಇಲ್ಲಿ ಕೂತಿವ್ನಿ."

"ಊಟ ಆಯ್ತಾ?" ಎಂದು ಕೇಳಿದಳು ಕುಸುಮ. ಉತ್ತರ ಗೊತ್ತಿದ್ದೇ ಕೇಳಿದಳು.

"ಹುಳ ಉಣ್ದೆ ನಾ ಎಂಗುಣ್ಲಿ? ಸಂದ್ಗೆ ಉಂಡ್ರಾಯ್ತು. ಅಭ್ಯಾಸ ಆಯ್ತದೆ."

ಮಜ್ಜಿಗೆ ಲೋಟ ಕೆಳಗಿಟ್ಟು ಕುಸುಮ ಹೇಳಿದಳು. "ದೀಪಶ್ರೀ, ಕೆಂಪು ದಾರದ ತಟ್ಟೆಗೆ ನಾನು ರಾತ್ರಿ ಸೊಪ್ಪು ಹಾಕ್ತಿದ್ದೆ. ಮೊದ್ಲನೇ ದಿನದಿಂದ. ಒಂದೊಂದು ಹಿಡಿ, ಕೊನೆಕೊನೆಗೆ ಜಾಸ್ತಿ. ಹಸ್ಕೊಂಡು ತಲೆಯೆತ್ತಿದ್ದು ನೋಡಕ್ಕಾಗ್ಲಿಲ್ಲ. ಎರಡೊತ್ತು ಸಾಕೋ ಇಲ್ವೋ, ನಮಗೆ ಗೊತ್ತಿಲ್ಲ."

ಮೊದಲು ಎದ್ದವಳು ಶಿವರತ್ನಮ್ಮ. ಮುಖದಲ್ಲಿ ಸಿಟ್ಟಿರಲಿಲ್ಲ. "ಹಸ್ದಿರೋದ್ನ ನೋಡಕ್ಕಾಗ್ದೆ ಆಕವ್ರೆ ಬುಡು ಮಗ. ಕೊಂದಿಲ್ವಲ್ಲ," ಎಂದು ಮಗಳಿಗೆ ಹೇಳಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿಟ್ಟ ಸೊಪ್ಪಿನ ಕಡೆ ನಡೆದಳು. ನಡೆಯುವುದೇನು, ಓಡಿದಳು.

ದೀಪಶ್ರೀ ಮೇಡಂ ಮುಖವನ್ನೇ ನೋಡುತ್ತಿದ್ದಳು.

"ದಿನಾ ಬೆಳಿಗ್ಗೆ ಕೇಳ್ತಿದ್ದೆ ಮೇಡಂ."

"ಕೇಳ್ತಿದ್ದೆ. ನಾನು ಇಲ್ಲ ಅಂತಿದ್ದೆ."

"ಹುಳ ನೋಡಿ ನಿಮಗೆ ಕರುಳು ಚುರುಕ್ ಅಂತು. ನನ್ನ ನೋಡಿ ಅನ್ಲಿಲ್ವಾ?"

ಮಾರ್ಕ್ಸ್ ವಿಷಯ ಪ್ರಿನ್ಸಿಪಾಲರಿಗೂ ಶಿವಕುಮಾರಸ್ವಾಮಿಯವರಿಗೂ ನಾಳೆಯೇ ಹೇಳುತ್ತೇನೆ, ತಪ್ಪು ನನ್ನದು, ನಿನ್ನದಲ್ಲ ಎಂದಳು ಕುಸುಮ. ಹುಡುಗಿ, "ಹೇಳಿ," ಎಂದಳು. ಇನ್ನೊಂದು ಸಲ ಸರಿಯಾಗಿ ಮಾಡೋಣ ಎಂದಳು ಮೇಡಂ. "ಅಷ್ಟರಲ್ಲಿ ಅಡ್ಮಿಶನ್ ಮುಗಿದೋಯ್ತದೆ," ಎಂದಳು ಹುಡುಗಿ. ಅದೂ ನಿಜವಾಗಿತ್ತು.

ಸೊಪ್ಪಿನ ರಾಶಿಯ ಹತ್ತಿರದಿಂದ ಶಿವರತ್ನಮ್ಮ ಕೂಗಿದಳು, "ಓಗ್ಲಿ ಬುಡು ಮಗ, ಮೈಸೂರು ಎಲ್ಗೂ ಓಡೋಗಕಿಲ್ಲ. ಮುಂದ್ಲೊರ್ಸ ನೋಡುವಾ. ಈಗ ಬಂದು ಕೈ ಆಕು."

ದೀಪಶ್ರೀ ಎದ್ದಳು. ಸೊಪ್ಪಿನ ಎರಡು ಕುಕ್ಕೆ ತಂದಳು. ಒಂದನ್ನು ಸೊಂಟಕ್ಕಿಟ್ಟುಕೊಂಡು, ಇನ್ನೊಂದನ್ನು ಕುಸುಮಳ ಮುಂದೆ ಇಟ್ಟಳು.

"ಕೈಕಾಲು ತೊಳ್ಕೊಂಡು ಬನ್ನಿ ಮೇಡಂ. ಇಲ್ಲಿ ಹಾಕ್ಬೋದು."

ಅದರಲ್ಲಿ ಚುಚ್ಚುಮಾತೆಷ್ಟು, ಕರೆಯೆಷ್ಟು ಎಂದು ಅಳೆಯುವ ತ್ರಾಣ ಕುಸುಮಳಿಗೆ ಉಳಿದಿರಲಿಲ್ಲ. ತೊಳೆದುಕೊಂಡು ಒಳಗೆ ಹೋದಳು. ಒಳಗೆ ತಂಪು, ಸೊಪ್ಪಿನ ಹಸಿ ವಾಸನೆ, ಅವ್ವನ ಮನೆಯ ವಾಸನೆ. ಮೂವರೂ ತಟ್ಟೆಯಿಂದ ತಟ್ಟೆಗೆ ಸೊಪ್ಪು ಉದುರಿಸುತ್ತಾ ಬಂದರು. ಒಂದೊಂದೇ ಸಾಲಿನಿಂದ ಮೇಯುವ ಸದ್ದು ಎದ್ದಿತು. ಬೆನ್ನು ಬಗ್ಗಿಸಿ ಕುಸುಮ ಕೊನೆಯ ಸಾಲಿನ ಕೆಳಗಿನ ತಟ್ಟೆಗೆ ಕೈ ಚಾಚಿದಳು.

"ಅದಕ್ಕೆ ಬೇಡ ಮೇಡಂ," ಎಂದಳು ದೀಪಶ್ರೀ.

ಯಾವಾಗ ಕಟ್ಟಿದಳೋ, ಕೆಳಗಿನ ಮೂರು ತಟ್ಟೆಗೆ ಕೆಂಪು ದಾರ ಬಿದ್ದಿತ್ತು. ದಾರ ಜಡೆಯ ರಿಬ್ಬನ್ನಿನದು, ಹರಿದದ್ದು. "ಇವು ಮೂರಕ್ಕೆ ಸಂಜೆಗೇ," ಎಂದಳು. ಅವಳ ದನಿ ಒಡೆದಿತ್ತು, ಆದರೆ ಗಟ್ಟಿಯಾಗಿತ್ತು. "ಮುಂದಿನ ವರ್ಷ ಹೋಗ್ಬೇಕಾದ್ರೂ ಗೊತ್ತಾಗ್ಬೇಕಲ್ಲ."

ತಟ್ಟೆಯಲ್ಲಿ ಹುಳಗಳು ಬಾಡಿದ ಎಲೆಯ ಮೇಲೆ ತಲೆಯೆತ್ತಿದ್ದವು. ಕುಸುಮಳ ಹಿಡಿಯಲ್ಲಿ ಹಸಿ ಸೊಪ್ಪಿತ್ತು. ಪಕ್ಕದಲ್ಲಿ ಶಿವರತ್ನಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ನಿಂತಿದ್ದಳು. ಕುಸುಮ ಹಿಡಿಯನ್ನು ಹಿಂದಕ್ಕೆ ತಂದು ಕುಕ್ಕೆಗೆ ಹಾಕಿದಳು. ಅಷ್ಟು ಮಾಡುವುದಕ್ಕೆ ಮೈಯಲ್ಲಿದ್ದ ಶಕ್ತಿಯೆಲ್ಲ ಬೇಕಾಯಿತು.

ಹೊರಗೆ ಬಂದ ಮೇಲೆ ಶಿವರತ್ನಮ್ಮ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಬಡಿಸಿ ತಂದಳು. "ನೀವುಣ್ಣಿ ಮೇಡಮ್ಮೋರೆ. ಮೂರು ತಟ್ಟೆ ಇನ್ನೂ ಉಂಡಿಲ್ಲ, ನಾ ಸಂದ್ಗೇ ಉಣ್ಣದು."

"ನಾನೂ ಸಂಜೆಗೇ," ಎಂದಳು ಕುಸುಮ.

ಇಬ್ಬರು ಹೆಂಗಸರೂ ಜಗಲಿಯ ಮೇಲೆ, ಹುಳದ ಮನೆಗೆ ಬೆನ್ನು ಮಾಡಿ, ಹೊತ್ತು ಇಳಿಯುವುದನ್ನು ಕಾಯುತ್ತ ಕೂತರು. ಕೊಳ್ಳೇಗಾಲದ ಬಸ್ಸೊಂದು ಹೋಯಿತು, ಇನ್ನೊಂದೂ ಹೋಯಿತು. ಆ ಮಧ್ಯಾಹ್ನ ಆ ಮನೆಯಲ್ಲಿ ಕೂತು ಉಂಡವಳು ದೀಪಶ್ರೀ ಒಬ್ಬಳೇ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಎರಡು ಮುದ್ದೆ ಉಂಡು, ಕೈ ತೊಳೆದು, ಮೂರು ತಟ್ಟೆಗೆ ಸಂಜೆಯ ಸೊಪ್ಪು ತೂಗಿಡಲು ಎದ್ದು ಹೋದಳು.